ಚೆಂಬೂರಿನ ಉದ್ಯೋಗ ಚಿತ್ರಣ: ಮಹಾರಾಷ್ಟ್ರದ ಸರಾಸರಿಯೂ ನಮ್ಮ ಉಪನಗರದ ವಾಸ್ತವವೂ

ಬೃಹನ್ಮುಂಬಯಿಯ ಪೂರ್ವ ಉಪನಗರಗಳಲ್ಲಿ ತುಳು-ಕನ್ನಡಿಗರು ಬಹುಕಾಲದಿಂದ ನೆಲೆಸಿರುವ ಚೆಂಬೂರು, ಕಳೆದ ಏಳು ದಶಕಗಳಲ್ಲಿ ತನ್ನ ಜೀವನೋಪಾಯವನ್ನು ಎರಡು ಬಾರಿ ಬದಲಿಸಿಕೊಂಡಿದೆ. ಮೊದಲು ಗದ್ದೆ, ಉಪ್ಪಿನಾಗರ ಹಾಗೂ ಮೀನುಗಾರಿಕೆಯ ಹಳ್ಳಿಗಳು ಕಾರ್ಖಾನೆಗಳ ನೆರೆಯಾದವು. ಬಳಿಕ ಕಾರ್ಖಾನೆಗಳ ಉಪನಗರವು ಕಚೇರಿ, ಅಂಗಡಿ, ಆಸ್ಪತ್ರೆ ಮತ್ತು ವಸತಿ ಸಂಕೀರ್ಣಗಳ ಉಪನಗರವಾಯಿತು. ಇದೇ ಅವಧಿಯಲ್ಲಿ ಮಹಾರಾಷ್ಟ್ರ ರಾಜ್ಯವು ಬೇರೆಯೇ ವೇಗದಲ್ಲಿ, ಬೇರೆಯೇ ದಾರಿಯಲ್ಲಿ ಸಾಗಿತು. ರಾಜ್ಯದ ಸರಾಸರಿ ಅಂಕಿಗಳನ್ನು ಓದಿ ಚೆಂಬೂರಿನ ಸ್ಥಿತಿಯನ್ನು ಊಹಿಸುವುದು ಸರಿಯಾಗಲಾರದು. ಈ ವ್ಯತ್ಯಾಸವನ್ನು ಗುರುತಿಸುವುದು ಹಾಗೂ ಅದು ನಮ್ಮ ಕುಟುಂಬಗಳ ಮೇಲೆ ಬೀರಿದ ಪರಿಣಾಮವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಲ್ಲಿ ಚೆಂಬೂರು ಎಂದರೆ ಮಹಾನಗರಪಾಲಿಕೆಯ ಎಂ ಪಶ್ಚಿಮ ವಾರ್ಡು ಮತ್ತು ಅದಕ್ಕೆ ಹೊಂದಿಕೊಂಡಿರುವ ಮಾಹುಲ್, ಟ್ರಾಂಬೆ, ದೇವನಾರ್, ಗೋವಂಡಿ, ಮಾನ್‌ಖುರ್ದ್ ಪ್ರದೇಶಗಳೆಂದು ಗ್ರಹಿಸಬೇಕು.

ಗದ್ದೆಯಿಂದ ಕಾರ್ಖಾನೆಗೆ

ಕುರ್ಲಾದಿಂದ ಚೆಂಬೂರಿಗೆ ರೈಲುಮಾರ್ಗ ಹಾಕಿದ್ದು 1906ರಲ್ಲಿ. ಅದೂ ಪ್ರಯಾಣಿಕರಿಗಾಗಿ ಅಲ್ಲ, ನಗರದ ಕಸವನ್ನು ಸಾಗಿಸುವುದಕ್ಕಾಗಿ. ಪ್ರಯಾಣಿಕರ ಗಾಡಿ ಓಡಲಾರಂಭಿಸಿದ್ದು 1924ರಲ್ಲಿ. ದೇವನಾರ್ ಕಸದ ಮೈದಾನವು 1927ರಿಂದ ಬಳಕೆಯಲ್ಲಿದೆ. 1947ರ ದೇಶವಿಭಜನೆಯ ಬಳಿಕ ಸಿಂಧಿ ಹಾಗೂ ಪಂಜಾಬಿ ನಿರಾಶ್ರಿತರ ಶಿಬಿರ ಇಲ್ಲಿ ತಲೆಯೆತ್ತಿತು. 1948ರಲ್ಲಿ ರಾಜ್ ಕಪೂರ್ ಅವರು ಆರ್.ಕೆ. ಸ್ಟುಡಿಯೋ ಸ್ಥಾಪಿಸಿದರು.

ನಿಜವಾದ ತಿರುವು ಬಂದದ್ದು 1950ರ ದಶಕದಲ್ಲಿ. ಸ್ಟ್ಯಾನ್‌ವ್ಯಾಕ್ ಸಂಸ್ಥೆಯ ತೈಲ ಸಂಸ್ಕರಣಾಗಾರ 1954ರಲ್ಲಿ, ಬರ್ಮಾ ಶೆಲ್ ಸಂಸ್ಥೆಯದು 1955ರಲ್ಲಿ ಆರಂಭವಾದವು. 1956ರಲ್ಲಿ ಟಾಟಾ ಸಂಸ್ಥೆಯ ಟ್ರಾಂಬೆ ಉಷ್ಣವಿದ್ಯುತ್ ಸ್ಥಾವರ ಬಂತು. 1954ರಲ್ಲಿ ಸ್ಥಾಪನೆಯಾದ ಟ್ರಾಂಬೆಯ ಅಣುಶಕ್ತಿ ಸಂಸ್ಥೆಗೆ 1967ರಲ್ಲಿ ಹೋಮಿ ಭಾಭಾ ಅವರ ಹೆಸರಿಡಲಾಯಿತು. 1960ರ ದಶಕದಲ್ಲಿ ಬಂದ ರಸಗೊಬ್ಬರ ಕಾರ್ಖಾನೆಯು 1978ರಲ್ಲಿ ರಾಷ್ಟ್ರೀಯ ಕೆಮಿಕಲ್ಸ್ ಆ್ಯಂಡ್ ಫರ್ಟಿಲೈಸರ್ಸ್ ಎಂಬ ಪ್ರತ್ಯೇಕ ಸಂಸ್ಥೆಯಾಯಿತು. ರಾಷ್ಟ್ರೀಕರಣದ ನಂತರ ಎರಡು ತೈಲಾಗಾರಗಳು ಕ್ರಮವಾಗಿ ಹಿಂದೂಸ್ತಾನ್ ಪೆಟ್ರೋಲಿಯಂ (1974) ಹಾಗೂ ಭಾರತ್ ಪೆಟ್ರೋಲಿಯಂ ಆಗಿ ಸರಕಾರಿ ರಂಗಕ್ಕೆ ಸೇರಿದವು. ನೆರೆಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಾರುಗಳನ್ನು ತಯಾರಿಸುತ್ತಿತ್ತು. ಹೀಗೆ ಎರಡು ದಶಕಗಳೊಳಗೆ ಹಳ್ಳಿಗಳ ಗುಂಪೊಂದು ದೇಶದ ಪ್ರಮುಖ ಕೈಗಾರಿಕಾ ನೆಲೆಗಳ ಸಾಲಿಗೆ ಸೇರಿತು.

ಇದೇ ಕಾಲದ ರಾಜ್ಯದ ಚಿತ್ರಣ ಬೇರೆ. ಮಹಾರಾಷ್ಟ್ರ ರಾಜ್ಯ ರಚನೆಯಾದುದು 1960ರಲ್ಲಿ. 1961ರ ಜನಗಣತಿಯಂತೆ ರಾಜ್ಯದ ದುಡಿಯುವವರಲ್ಲಿ ನೂರಕ್ಕೆ ಸುಮಾರು 70 ಮಂದಿ ಕೃಷಿಕರು ಅಥವಾ ಕೃಷಿಕೂಲಿಗಳಾಗಿದ್ದರು. ಮುಂಬಯಿ ಮಹಾನಗರದಲ್ಲಿ ನೂರಕ್ಕೆ ಸುಮಾರು 40 ಮಂದಿ ತಯಾರಿಕಾ ಉದ್ಯಮದಲ್ಲಿದ್ದರು.

ಕನ್ನಡಿಗರು ಹತ್ತಿದ ಮೆಟ್ಟಿಲುಗಳು

ಅವಿಭಜಿತ ದಕ್ಷಿಣ ಕನ್ನಡದಿಂದ ಹಡಗು ಹತ್ತಿ, ಮುಂದೆ ಬಸ್ಸು ಹತ್ತಿ ಬಂದ ನಮ್ಮ ಹಿರಿಯರಿಗೆ ಮೊದಲ ಆಶ್ರಯ ಹೊಟೇಲು. ಹಗಲು ಮೇಜು ಒರೆಸಿದ ಹುಡುಗ ಸಂಜೆ ರಾತ್ರಿಶಾಲೆಗೆ ಹೋಗುತ್ತಿದ್ದ. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂತಹ ಸಂಸ್ಥೆಗಳು ನಡೆಸಿದ ಕನ್ನಡ ರಾತ್ರಿಶಾಲೆಗಳ ಉಪಕಾರವನ್ನು ಇಂದಿನ ಅನೇಕ ಗಣ್ಯರು ಸ್ಮರಿಸುವುದುಂಟು. ಎಸ್ಸೆಸ್ಸೆಲ್ಸಿ ಮುಗಿಸಿ ಟೈಪಿಂಗ್ ಕಲಿತವನಿಗೆ ಕಾರ್ಖಾನೆಯ ಟೈಂ ಆಫೀಸು, ಉಗ್ರಾಣ ಅಥವಾ ಬ್ಯಾಂಕಿನ ಗುಮಾಸ್ತಿಕೆ ದೊರೆಯುತ್ತಿತ್ತು. ಒಂದು ಖಾಯಂ ನೌಕರಿಯ ಆಧಾರದ ಮೇಲೆ ಸೊಸೈಟಿಯ ಮನೆ, ತಂಗಿಯರ ಮದುವೆ, ಮಕ್ಕಳ ಶಿಕ್ಷಣ ಎಲ್ಲವೂ ನಡೆದವು. ಹೊಟೇಲು, ರಾತ್ರಿಶಾಲೆ, ಖಾಯಂ ನೌಕರಿ, ಮಕ್ಕಳ ಉನ್ನತ ವಿದ್ಯಾಭ್ಯಾಸ ಎಂಬ ನಾಲ್ಕು ಮೆಟ್ಟಿಲುಗಳ ಈ ಏಣಿಯೇ ಚೆಂಬೂರಿನ ಬಹುಪಾಲು ಕನ್ನಡ ಕುಟುಂಬಗಳ ಕಥೆ.

ಕಾರ್ಖಾನೆಗೂ ಹೊಟೇಲಿಗೂ ಇದ್ದ ಒಂದು ನಂಟನ್ನು ಇಲ್ಲಿ ಹೇಳಬೇಕು. 1948ರ ಕಾರ್ಖಾನೆ ಕಾಯಿದೆಯ 46ನೆಯ ಕಲಮಿನ ಪ್ರಕಾರ, 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕ್ಯಾಂಟೀನು ಒದಗಿಸುವಂತೆ ಸರಕಾರ ಕಡ್ಡಾಯಗೊಳಿಸಬಹುದಿತ್ತು. ಈ ಕ್ಯಾಂಟೀನುಗಳ ಗುತ್ತಿಗೆ ಹಿಡಿದವರಲ್ಲಿ ನಮ್ಮವರು ಅನೇಕರು. ಕಾರ್ಖಾನೆಯೊಂದು ಬಾಗಿಲು ಮುಚ್ಚಿದಾಗ ಅದರ ಕಾರ್ಮಿಕರೊಂದಿಗೆ ಕ್ಯಾಂಟೀನಿನ ಅಡುಗೆಯವರೂ ಮಾಣಿಗಳೂ ಕೆಲಸ ಕಳೆದುಕೊಂಡರು. ಗೇಟಿನೆದುರಿನ ಉಪಾಹಾರ ಗೃಹದ ಪಾಳಿಯ ವ್ಯಾಪಾರವೂ ನಿಂತಿತು.

ರಾಜ್ಯದ ಕೋಷ್ಟಕದಲ್ಲಿ ಕಾಣದ ನಷ್ಟ

ಮುಂಬಯಿಯಲ್ಲಿ ಕೈಗಾರಿಕೆಗಳು ಒತ್ತೊತ್ತಾಗಿ ಸೇರುವುದನ್ನು ತಡೆದು ಅವನ್ನು ರಾಜ್ಯದ ಇತರ ಭಾಗಗಳಿಗೆ ಹಂಚುವುದು ಸರಕಾರದ ಘೋಷಿತ ನೀತಿಯಾಗಿತ್ತು. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. 1964ರಲ್ಲಿ ಹಿಂದುಳಿದ ಪ್ರದೇಶಗಳಿಗೆ ಹೋಗುವ ಉದ್ಯಮಗಳಿಗಾಗಿ ಪ್ರೋತ್ಸಾಹಧನ ಯೋಜನೆ ಜಾರಿಗೆ ಬಂತು. ಠಾಣೆ-ಬೇಲಾಪುರ, ಪಿಂಪ್ರಿ-ಚಿಂಚ್‌ವಾಡ್, ನಾಸಿಕ್ ಹಾಗೂ ಇಂದು ಛತ್ರಪತಿ ಸಂಭಾಜಿನಗರವೆನಿಸಿರುವ ಔರಂಗಾಬಾದ್ ಬೆಳೆದದ್ದು ಹೀಗೆ. ರಾಜ್ಯದ ದೃಷ್ಟಿಯಿಂದ ಇದು ನ್ಯಾಯವಾದ ನೀತಿಯೇ.

ಆದರೆ ಅಂಕಿಅಂಶಗಳ ಸ್ವಭಾವವನ್ನು ಗಮನಿಸಬೇಕು. ಕುರ್ಲಾದಲ್ಲಿ ಒಂದು ನೌಕರಿ ಹೋಗಿ ಪುಣೆಯ ಬಳಿ ಒಂದು ನೌಕರಿ ಹುಟ್ಟಿದರೆ ರಾಜ್ಯದ ಕೋಷ್ಟಕದಲ್ಲಿ ನಷ್ಟ ಸೊನ್ನೆ. ಕುರ್ಲಾದಲ್ಲಿ ನಲವತ್ತೈದರ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡವನಿಗೆ ಪುಣೆಯ ಬಳಿಯ ಆ ನೌಕರಿ ಸಿಗುವುದಿಲ್ಲ. ಅದು ಬೇರೊಬ್ಬ ತರುಣನಿಗೆ, ಅನೇಕ ಬಾರಿ ಕಡಿಮೆ ವೇತನಕ್ಕೆ ಸಿಗುತ್ತದೆ. ಸರಾಸರಿಯು ಸುಳ್ಳು ಹೇಳುವುದಿಲ್ಲ, ಆದರೆ ಯಾರ ಮನೆಯ ಒಲೆ ಆರಿತೆಂಬುದನ್ನೂ ಹೇಳುವುದಿಲ್ಲ.

1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಬಟ್ಟೆ ಗಿರಣಿಗಳ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಪಾಲ್ಗೊಂಡರು. ಅವರಲ್ಲಿ ಬಹಳಷ್ಟು ಮಂದಿ ಮರಳಿ ಗಿರಣಿಯ ಒಳಗೆ ಕಾಲಿಡಲಿಲ್ಲ. ಗಿರಣಿಗಳು ಪರೇಲ್-ಲಾಲ್‌ಬಾಗ್ ಭಾಗದಲ್ಲಿದ್ದರೂ ಮುಷ್ಕರದ ಪರಿಣಾಮ ಇಡೀ ನಗರದ ಕಾರ್ಮಿಕ ಜೀವನದ ಮೇಲಾಯಿತು. ಆರ್ಥಿಕ ಗಣತಿಯಂತೆ ಮಹಾನಗರದ ಉದ್ಯೋಗದಲ್ಲಿ ತಯಾರಿಕಾ ರಂಗದ ಪಾಲು 1980ರಲ್ಲಿ ನೂರಕ್ಕೆ ಸುಮಾರು 36 ಇದ್ದುದು 1990ರಲ್ಲಿ ಸುಮಾರು 28ಕ್ಕೆ ಇಳಿಯಿತು. ಪದ್ಮಿನಿ ಕಾರಿನ ತಯಾರಿಕೆ ಶತಮಾನದ ತಿರುವಿನಲ್ಲಿ ನಿಂತು, ಕುರ್ಲಾದ ಆ ಕಾರ್ಖಾನೆಯ ನೆಲದಲ್ಲಿ ವಸತಿ ಹಾಗೂ ವಾಣಿಜ್ಯ ಸಂಕೀರ್ಣಗಳು ಎದ್ದವು. ಆರ್.ಕೆ. ಸ್ಟುಡಿಯೋ 2017ರ ಸೆಪ್ಟೆಂಬರಿನಲ್ಲಿ ಬೆಂಕಿಗೆ ಆಹುತಿಯಾಯಿತು, ಅದರ 2.2 ಎಕರೆ ನಿವೇಶನವನ್ನು 2019ರಲ್ಲಿ ಗೋದ್ರೆಜ್ ಪ್ರಾಪರ್ಟೀಸ್ ಖರೀದಿಸಿತು.

ಇನ್ನು ರಾಜ್ಯದ ಲೆಕ್ಕವನ್ನು ನೋಡೋಣ. 2001ರ ಜನಗಣತಿಯಲ್ಲಿ ಮಹಾರಾಷ್ಟ್ರದ ದುಡಿಯುವವರಲ್ಲಿ ನೂರಕ್ಕೆ 55 ಮಂದಿ ಕೃಷಿಯಲ್ಲಿದ್ದರು. 2011ರಲ್ಲಿ ಈ ಪ್ರಮಾಣ ಸುಮಾರು 53. ಅಂದರೆ ಹತ್ತು ವರ್ಷಗಳಲ್ಲಿ ಇಳಿದದ್ದು ಕೇವಲ ಎರಡು ಅಂಶ. ಆ ಎರಡರ ನಡುವೆ ಇನ್ನೊಂದು ಬದಲಾವಣೆಯೂ ಇದೆ. 2001ರಲ್ಲಿ ಸ್ವಂತ ಬೇಸಾಯಗಾರರು ಕೂಲಿಗಳಿಗಿಂತ ಹೆಚ್ಚಿದ್ದರು. 2011ರಲ್ಲಿ 1 ಕೋಟಿ 26 ಲಕ್ಷ ಬೇಸಾಯಗಾರರಿಗೆ 1 ಕೋಟಿ 35 ಲಕ್ಷ ಕೃಷಿಕೂಲಿಗಳಿದ್ದರು. ರಾಜ್ಯದ ವರಮಾನದಲ್ಲಿ ಕೃಷಿ ಹಾಗೂ ಸಂಬಂಧಿತ ಕಸುಬುಗಳ ಪಾಲಾದರೋ ಹೆಚ್ಚೆಂದರೆ ಎಂಟನೆಯ ಒಂದು ಭಾಗದಷ್ಟು. 2021ರಲ್ಲಿ ನಡೆಯಬೇಕಿದ್ದ ಜನಗಣತಿ 2027ಕ್ಕೆ ಮುಂದೂಡಲ್ಪಟ್ಟಿರುವುದರಿಂದ 2011ರ ಲೆಕ್ಕವೇ ನಮಗೆ ಆಧಾರ.

ಹೀಗೆ ರಾಜ್ಯದ ಸಮಸ್ಯೆ ಜನರು ಹೊಲವನ್ನು ಬಿಟ್ಟು ಬೇರೆ ಉದ್ಯೋಗಕ್ಕೆ ಹೋಗಲಾಗದಿರುವುದು. ಚೆಂಬೂರಿನ ಸಮಸ್ಯೆ ಕಾರ್ಖಾನೆಯನ್ನು ಬಿಟ್ಟವರಿಗೆ ಅಷ್ಟೇ ಭದ್ರವಾದ ಬೇರೆ ಉದ್ಯೋಗ ಸಿಗದಿರುವುದು. ಎರಡಕ್ಕೂ ಒಂದೇ ಔಷಧವಿಲ್ಲ.

ಉತ್ಪಾದನೆ ಏರಿತು, ಹಾಜರಿ ಪಟ್ಟಿ ಏರಲಿಲ್ಲ

ಚೆಂಬೂರಿನ ಎಲ್ಲ ಕೈಗಾರಿಕೆಗಳೂ ಮುಚ್ಚಿದವೆಂದು ಭಾವಿಸಬಾರದು. ಮಾಹುಲ್‌ನ ಎರಡೂ ತೈಲಾಗಾರಗಳು, ರಸಗೊಬ್ಬರ ಕಾರ್ಖಾನೆ, ವಿದ್ಯುತ್ ಸ್ಥಾವರ ಹಾಗೂ ಅಣುಸಂಶೋಧನಾ ಕೇಂದ್ರ ಕಾರ್ಯನಿರತವಾಗಿವೆ. 1955ರಲ್ಲಿ ವರ್ಷಕ್ಕೆ ಸುಮಾರು 22 ಲಕ್ಷ ಟನ್ ಕಚ್ಚಾ ತೈಲವನ್ನು ಸಂಸ್ಕರಿಸುವ ಸಾಮರ್ಥ್ಯವಿದ್ದ ಬರ್ಮಾ ಶೆಲ್ ಘಟಕವು ಇಂದು ಭಾರತ್ ಪೆಟ್ರೋಲಿಯಂನ ಕೈಯಲ್ಲಿ 120 ಲಕ್ಷ ಟನ್ ಸಾಮರ್ಥ್ಯ ಹೊಂದಿದೆ. ಸಾಮರ್ಥ್ಯ ಐದು ಪಟ್ಟು ಮೀರಿ ಬೆಳೆದರೂ ಖಾಯಂ ಸಿಬ್ಬಂದಿ ಐದು ಪಟ್ಟು ಬೆಳೆಯಲಿಲ್ಲ. ತೈಲೋದ್ಯಮದ ಸ್ವರೂಪವೇ ಹಾಗೆ: ಬಂಡವಾಳ ಅಪಾರ, ಕೈಗಳ ಅಗತ್ಯ ಅಲ್ಪ. ಹಿಂದೆ ಕವಾಟ ತಿರುಗಿಸಲು ಬೇಕಾಗಿದ್ದ ಜನರ ಕೆಲಸವನ್ನು ಇಂದು ನಿಯಂತ್ರಣ ಕೊಠಡಿಯ ಕಂಪ್ಯೂಟರು ಮಾಡುತ್ತದೆ. ವಾರ್ಷಿಕ ದುರಸ್ತಿ, ಶುಚಿತ್ವ, ಸಾಗಾಟ, ಕಾವಲು ಮುಂತಾದವು ಗುತ್ತಿಗೆದಾರರ ಪಾಲಾಗಿವೆ.

ಗುತ್ತಿಗೆ ಕಾರ್ಮಿಕರ ಕಾಯಿದೆ ಬಂದದ್ದು 1970ರಲ್ಲಿ. ಗುತ್ತಿಗೆ ಪದ್ಧತಿಯನ್ನು ನಿಷೇಧಿಸಿದ ಕೆಲಸಗಳಲ್ಲಿ ಕಾರ್ಮಿಕರನ್ನು ಮೂಲ ಸಂಸ್ಥೆಯೇ ಖಾಯಂಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 1996ರ ಏರ್ ಇಂಡಿಯಾ ಪ್ರಕರಣದಲ್ಲಿ ತೀರ್ಪಿತ್ತಿತ್ತು. 2001ರ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು, ಹಾಗೆ ತಾನಾಗಿ ಖಾಯಂ ಆಗುವ ಹಕ್ಕಿಲ್ಲವೆಂದು ನಿರ್ಣಯಿಸಿತು. ಗೇಟಿನ ಹೊರಗೆ ಆಸೆಯಿಂದ ಕಾದಿದ್ದ ಒಂದು ತಲೆಮಾರಿಗೆ ಇದು ದೊಡ್ಡ ಹಿನ್ನಡೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಹಳೆಯ ಕಾಯಿದೆಗಳ ಸ್ಥಾನಕ್ಕೆ ಬಂದಿವೆ. ನಿಗದಿತ ಅವಧಿಗೆ ನೇಮಕಗೊಂಡವರಿಗೆ ಐದು ವರ್ಷದ ಬದಲು ಒಂದೇ ವರ್ಷದ ಸೇವೆಗೆ ಗ್ರಾಚ್ಯುಟಿ ಸಲ್ಲುವುದು ಅವುಗಳಲ್ಲಿನ ಒಂದು ಮುಖ್ಯ ಅಂಶ. ನಮ್ಮ ಯುವಕರು ಇದನ್ನು ತಿಳಿದಿರಬೇಕು.

ಬ್ಯಾಂಕುಗಳ ಬಾಗಿಲು

ಕರಾವಳಿಯು ದೇಶಕ್ಕಿತ್ತ ಬ್ಯಾಂಕುಗಳು ನಮ್ಮ ಏಣಿಯ ಮೂರನೆಯ ಮೆಟ್ಟಿಲಿನ ಬಹುದೊಡ್ಡ ಆಧಾರವಾಗಿದ್ದವು. ಕೆನರಾ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ ಹುಟ್ಟಿದವು. ಮುಂಬಯಿಯಲ್ಲೇ ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕ್ (1906) ಹಾಗೂ ಬಿಲ್ಲವರ ಅಸೋಸಿಯೇಶನ್ ಪ್ರವರ್ತಿಸಿದ ಭಾರತ್ ಕೋ-ಆಪರೇಟಿವ್ ಬ್ಯಾಂಕ್ (1978) ಬೆಳೆದವು. 1969 ಮತ್ತು 1980ರ ರಾಷ್ಟ್ರೀಕರಣದ ನಂತರ ಶಾಖೆಗಳು ವಿಸ್ತರಿಸಿ ನೇಮಕಾತಿ ಹೆಚ್ಚಿತು.

ಇಳಿತವು ಹಂತಹಂತವಾಗಿ ಬಂತು. 1983 ಮತ್ತು 1993ರ ಒಪ್ಪಂದಗಳು ಗಣಕೀಕರಣಕ್ಕೆ ದಾರಿ ತೆರೆದವು. 2000-01ರ ಸ್ವಯಂನಿವೃತ್ತಿ ಯೋಜನೆಯಲ್ಲಿ ಸರಕಾರಿ ಬ್ಯಾಂಕುಗಳ ಸುಮಾರು 1 ಲಕ್ಷ ಮಂದಿ ಹೊರಬಂದರು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡದಲ್ಲಿ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ಹಾಗೂ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಒಂದೇ ಬೀದಿಯಲ್ಲಿದ್ದ ಎರಡು ಶಾಖೆಗಳು ಒಂದಾದಾಗ ಯಾರನ್ನೂ ವಜಾ ಮಾಡಲಿಲ್ಲವೆಂಬುದು ನಿಜ. ಆದರೆ ನಿವೃತ್ತರ ಕುರ್ಚಿಗಳೆಲ್ಲವೂ ಮತ್ತೆ ತುಂಬಬೇಕಾದ ಅಗತ್ಯ ಉಳಿಯಲಿಲ್ಲ.

ಬ್ಯಾಂಕ್ ಉದ್ಯೋಗಿಯಾಗಿ ನಾನು ಕಾಣುವ ಬದಲಾವಣೆ ಸಾಲದ ಅರ್ಜಿಗಳಲ್ಲಿದೆ. ಹಿಂದೆ ಅರ್ಜಿದಾರರು ಕಾರ್ಖಾನೆಯ ಟಿಕೆಟ್ ನಂಬರಿರುವ ಒಂದು ಸಂಬಳದ ಚೀಟಿ ತರುತ್ತಿದ್ದರು, ಅದೇ ಸಾಕಾಗುತ್ತಿತ್ತು. ಈಗ ಅನೇಕರು ಮೂರು ಕಡೆಯಿಂದ ಬರುವ ಹಣದ ವಿವರ, ಗುತ್ತಿಗೆಯ ಪತ್ರ, ತೆರಿಗೆಯ ಕಾಗದ ಎಲ್ಲವನ್ನೂ ಜೋಡಿಸಿ ತರುತ್ತಾರೆ. ಒಟ್ಟು ವರಮಾನ ಹಿಂದಿಗಿಂತ ಹೆಚ್ಚಾಗಿಯೇ ಇರಬಹುದು. ಆದರೆ ಇಪ್ಪತ್ತು ವರ್ಷದ ಗೃಹಸಾಲಕ್ಕೆ ಬೇಕಾದುದು ಇಪ್ಪತ್ತು ವರ್ಷದ ಭರವಸೆ.

ಹೊಟೇಲು: ಮಾಲಕರು ಉಳಿದರು, ಮಾಣಿಗಳು ಬದಲಾದರು

ಹೊಟೇಲು ಉದ್ಯಮ ಇಂದಿಗೂ ನಮ್ಮವರ ಹೆಗ್ಗುರುತು. ಆದರೆ ಅಲ್ಲಿಯೂ ಏಣಿಯ ಕೆಳಗಿನ ಮೆಟ್ಟಿಲಿನಲ್ಲಿ ನಿಂತವರು ಬೇರೆ. ಕರಾವಳಿಯ ಹಳ್ಳಿಗಳಲ್ಲಿ ಶಿಕ್ಷಣ ಹರಡಿತು. 1974ರಿಂದ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿದಾರರು ಭೂಮಿಯ ಒಡೆಯರಾದರು. ಮಂಗಳೂರು, ಮಣಿಪಾಲ, ಬೆಂಗಳೂರು ಹಾಗೂ ಕೊಲ್ಲಿ ದೇಶಗಳು ಕೈಬೀಸಿ ಕರೆದವು. ಪರಿಣಾಮವಾಗಿ ಊರಿನಿಂದ ಹುಡುಗರು ಬರುವುದು ವಿರಳವಾಗಿ, ಉತ್ತರ ಪ್ರದೇಶ, ಬಿಹಾರ, ಒಡಿಶಾ, ನೇಪಾಳಗಳ ತರುಣರು ಆ ಸ್ಥಾನಕ್ಕೆ ಬಂದರು. ಇದು ನಮ್ಮ ಊರಿನ ಏಳಿಗೆಯ ಲಕ್ಷಣವೆಂದು ಸಂತೋಷಪಡಬೇಕಾದ ವಿಷಯವೇ ಸರಿ.

ಕೊರೋನಾ ಕಾಲವು ಈ ಉದ್ಯಮದ ಒಳಗಿನ ದುರ್ಬಲತೆಯನ್ನು ತೋರಿಸಿತು. 2020ರ ಮಾರ್ಚಿನಲ್ಲಿ ಮುಚ್ಚಿದ ಮಹಾರಾಷ್ಟ್ರದ ಹೊಟೇಲುಗಳಲ್ಲಿ ಕುಳಿತು ಊಟ ಮಾಡಲು ಅನುಮತಿ ದೊರೆತದ್ದು ಅಕ್ಟೋಬರ್ 5ರಂದು, ಅದೂ ಅರ್ಧ ಆಸನಗಳಿಗೆ ಮಾತ್ರ. ದೇಶಮಟ್ಟದ ಶ್ರಮಶಕ್ತಿ ಸಮೀಕ್ಷೆಯಂತೆ ಕೃಷಿಯನ್ನವಲಂಬಿಸಿದವರ ಪ್ರಮಾಣ 2018-19ರಲ್ಲಿ ನೂರಕ್ಕೆ 42.5 ಇದ್ದುದು 2019-20ರಲ್ಲಿ 45.6ಕ್ಕೆ ಏರಿತು. ನಗರ ಕೈಬಿಟ್ಟಾಗ ಹೊಲವು ಆಶ್ರಯವಾಯಿತು. ಆದರೆ ಚೆಂಬೂರಿನಲ್ಲೇ ಹುಟ್ಟಿ ಬೆಳೆದು ಊರಿನ ಪಾಲನ್ನು ಎಂದೋ ಮಾರಿದವನಿಗೆ ಮರಳಲು ಹೊಲವಿರಲಿಲ್ಲ.

ಒಂದೇ ವಾರ್ಡಿನ ಎರಡು ಮುಖಗಳು

ಚೆಂಬೂರಿನ ಒಳಗೇ ಮತ್ತೊಂದು ಸರಾಸರಿಯ ಮೋಸವಿದೆ. 2011ರಲ್ಲಿ ಎಂ ಪಶ್ಚಿಮ ವಾರ್ಡಿನ ಜನಸಂಖ್ಯೆ ಸುಮಾರು 4 ಲಕ್ಷ 12 ಸಾವಿರ. ದೇವನಾರ್, ಗೋವಂಡಿ, ಮಾನ್‌ಖುರ್ದ್ ಸೇರಿದ ಎಂ ಪೂರ್ವ ವಾರ್ಡಿನದು ಸುಮಾರು 8 ಲಕ್ಷ 8 ಸಾವಿರ. 2009ರ ಮುಂಬಯಿ ಮಾನವ ಅಭಿವೃದ್ಧಿ ವರದಿಯಲ್ಲಿ ಎಂ ಪೂರ್ವ ವಾರ್ಡು ಇಡೀ ನಗರದಲ್ಲೇ ಕೊನೆಯ ಸ್ಥಾನ ಪಡೆಯಿತು. ಅದೇ ವಾರ್ಡಿನಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯೂ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯೂ ಇವೆ. ಕಸ ಆಯುವುದು, ಜರಿ ಕೆಲಸ, ಮನೆಗೆಲಸ, ಕಟ್ಟಡ ಕೂಲಿ ಅಲ್ಲಿನ ಸಾವಿರಾರು ಮಂದಿಯ ಬದುಕು.

ಪಶ್ಚಿಮ ಭಾಗದ ಚೆಂಬೂರು ಮಾತ್ರ ಸಂಪರ್ಕದ ಬಲದಿಂದ ಬೆಳೆಯಿತು. 1973ರ ವಾಶಿ ಸೇತುವೆ ಹಾಗೂ 1992ರ ಮಾನ್‌ಖುರ್ದ್-ವಾಶಿ ರೈಲುಮಾರ್ಗ ಇದನ್ನು ನವಿ ಮುಂಬಯಿಯ ಹೆಬ್ಬಾಗಿಲಾಗಿಸಿದವು. 2013ರ ಪೂರ್ವ ಮುಕ್ತಮಾರ್ಗ ಮತ್ತು 2014ರ ಸಾಂತಾಕ್ರೂಜ್-ಚೆಂಬೂರು ಜೋಡುರಸ್ತೆ ಫೋರ್ಟ್ ಹಾಗೂ ಬಾಂದ್ರಾ-ಕುರ್ಲಾ ಸಂಕೀರ್ಣದ ಕಚೇರಿಗಳನ್ನು ಹತ್ತಿರ ತಂದವು. ಹಿಂದೆ ಚೆಂಬೂರಿಗೆ ಕೆಲಸಕ್ಕಾಗಿ ಜನ ಬರುತ್ತಿದ್ದರು. ಈಗ ಚೆಂಬೂರಿನಿಂದ ಕೆಲಸಕ್ಕೆ ಹೋಗುತ್ತಾರೆ. ಮರುನಿರ್ಮಾಣಗೊಂಡ ಎತ್ತರದ ಕಟ್ಟಡಗಳು ಹುಟ್ಟಿಸಿದ ಸ್ಥಳೀಯ ಉದ್ಯೋಗಗಳೆಂದರೆ ಕಾವಲುಗಾರ, ಚಾಲಕ, ಮನೆಗೆಲಸ, ಮನೆಬಾಗಿಲಿಗೆ ಸಾಮಾನು ತಲುಪಿಸುವ ಕೆಲಸ. ಮೇಲ್ತುದಿಯಲ್ಲಿ ಪದವಿ ಬೇಡುವ ಹುದ್ದೆ, ಕೆಳತುದಿಯಲ್ಲಿ ಭದ್ರತೆಯಿಲ್ಲದ ದುಡಿಮೆ. ನಡುವಿನ ಮೆಟ್ಟಿಲೇ ಸವೆದುಹೋಗಿದೆ.

ಮುಂದಿನ ಹೆಜ್ಜೆ

ನಮ್ಮ ಕುಟುಂಬಗಳಲ್ಲಿ ಹೆಚ್ಚಿನವು ಆ ನಡುವಿನ ಮೆಟ್ಟಿಲು ಗಟ್ಟಿಯಾಗಿದ್ದಾಗ ಮೇಲೇರಿದವು. ಮಕ್ಕಳು ಎಂಜಿನಿಯರ್, ಲೆಕ್ಕಪರಿಶೋಧಕ, ವೈದ್ಯರಾದರು. ಆದರೆ ಪ್ರತಿ ಸಮಾಜದಲ್ಲೂ ಏರಲು ತಡವಾದವರು, ತಂದೆಯನ್ನು ಬೇಗ ಕಳೆದುಕೊಂಡವರು, ಓದಿನಲ್ಲಿ ಸಾಧಾರಣರಾದವರು ಇದ್ದಾರೆ. ಹಿಂದೆ ಸಾಧಾರಣ ಅಂಕ ಪಡೆದವನಿಗೂ ಒಂದು ಗೌರವದ ನೌಕರಿಯಿತ್ತು. ಇಂದು ಅವನ ವಿಷಯವನ್ನು ನಾವು ವಿಶೇಷವಾಗಿ ಯೋಚಿಸಬೇಕಾಗಿದೆ.

ಮೊದಲನೆಯದು, ತಾಂತ್ರಿಕ ಶಿಕ್ಷಣದ ಬಗೆಗಿನ ತಾತ್ಸಾರವನ್ನು ಬಿಡಬೇಕು. 1961ರ ಅಪ್ರೆಂಟಿಸ್ ಕಾಯಿದೆಯಂತೆ ದೊಡ್ಡ ಉದ್ಯಮಗಳು ಐಟಿಐ ಹಾಗೂ ಡಿಪ್ಲೊಮಾ ಪಡೆದವರನ್ನು ಭತ್ಯೆ ನೀಡಿ ತರಬೇತಿಗೆ ತೆಗೆದುಕೊಳ್ಳಬೇಕು. ಮನೆಯ ಬಾಗಿಲಲ್ಲೇ ಇರುವ ತೈಲಾಗಾರದ ಈ ಅವಕಾಶವನ್ನು ಬಿಟ್ಟು, ಗುರಿಯಿಲ್ಲದ ಪದವಿಗೆ ಮೂರು ವರ್ಷ ಕಳೆಯುವುದು ಲಾಭದಾಯಕವಲ್ಲ. ಎರಡನೆಯದು, ಮರಾಠಿ. 2011ರಿಂದ ಸರಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಗಳಿಗೆ ಐಬಿಪಿಎಸ್ ಸಂಸ್ಥೆಯ ಸಾಮಾನ್ಯ ಪರೀಕ್ಷೆಯಿದ್ದು, ಅರ್ಜಿ ಹಾಕುವ ರಾಜ್ಯದ ಅಧಿಕೃತ ಭಾಷೆಯನ್ನು ಓದಲು, ಬರೆಯಲು, ಮಾತನಾಡಲು ಬರಬೇಕು. ಮನೆಯಲ್ಲಿ ಕನ್ನಡ ಅಥವಾ ತುಳು, ಶಾಲೆಯಲ್ಲಿ ಇಂಗ್ಲಿಷ್ ಎಂದು ಬೆಳೆದ ನಮ್ಮ ಮಕ್ಕಳು ಮರಾಠಿಯನ್ನು ಅರೆಬರೆಯಾಗಿ ಕಲಿತರೆ ಈ ಬಾಗಿಲು ಮುಚ್ಚಿದಂತೆಯೇ. ಮೂರನೆಯದು, ನೌಕರಿ ಸಿಕ್ಕಿತೆಂದ ಕೂಡಲೇ ಸಂಬಳವೆಷ್ಟೆಂದು ಕೇಳುವ ನಾವು, ನೇಮಕ ಮಾಡಿದವರು ಯಾರು, ಭವಿಷ್ಯನಿಧಿಗೆ ಹಣ ಜಮೆಯಾಗುತ್ತಿದೆಯೇ ಎಂಬುದನ್ನೂ ಕೇಳಬೇಕು. ನಮ್ಮಲ್ಲಿನ ಹೊಟೇಲು ಮಾಲಕರು ತಮ್ಮ ನೌಕರರಿಗೆ ಇದೇ ಸೌಲಭ್ಯ ಕಲ್ಪಿಸಿದರೆ ಮಾದರಿಯಾಗುತ್ತಾರೆ.

ಚೆಂಬೂರು ಕರ್ನಾಟಕ ಸಂಘದಂತಹ ಸಂಸ್ಥೆಗಳು ಶಾಲೆ, ಕಾನೂನು ಕಾಲೇಜುಗಳನ್ನು ಕಟ್ಟಿ ಬೆಳೆಸಿದ ಊರಿದು. ರಾತ್ರಿಶಾಲೆಯ ಕಾಲದಲ್ಲಿ ನಮ್ಮ ಹಿರಿಯರು ಅಂದಿನ ಕೊರತೆಯನ್ನು ಗುರುತಿಸಿ ಅದಕ್ಕೆ ತಕ್ಕ ಸಂಸ್ಥೆಯನ್ನು ಕಟ್ಟಿದರು. ಇಂದಿನ ಕೊರತೆ ಅಕ್ಷರದ್ದಲ್ಲ. ಕೌಶಲ, ಮಾಹಿತಿ ಮತ್ತು ಭದ್ರತೆಯದು. ವಿದ್ಯಾರ್ಥಿವೇತನ ವಿತರಣೆಯ ವಾರ್ಷಿಕ ಸಮಾರಂಭದ ಜೊತೆಗೆ, ವಾರಕ್ಕೊಂದು ಸಂಜೆ ನಿವೃತ್ತ ಬ್ಯಾಂಕ್ ಹಾಗೂ ಕಾರ್ಖಾನೆ ನೌಕರರು ಕುಳಿತು ತರುಣರಿಗೆ ಅರ್ಜಿ ತುಂಬಲು, ಪರೀಕ್ಷೆಗೆ ಸಿದ್ಧರಾಗಲು, ನೇಮಕಪತ್ರವನ್ನು ಓದಿ ಅರ್ಥಮಾಡಿಕೊಳ್ಳಲು ನೆರವಾಗುವ ವ್ಯವಸ್ಥೆಯಾಗಲಿ. ಅದಕ್ಕೆ ದೊಡ್ಡ ನಿಧಿ ಬೇಡ. ಒಂದು ಕೋಣೆ, ಒಂದು ಮೇಜು ಹಾಗೂ ಅನುಭವವುಳ್ಳ ನಾಲ್ವರ ಬಿಡುವಿನ ವೇಳೆ ಸಾಕು.